ಬೀಡು ಕಬ್ಬಿಣದ ಪಾತ್ರೆಗಳನ್ನು ಪಳಗಿಸುವುದು

ಬೀಡು ಕಬ್ಬಿಣದ ಪಾತ್ರೆಗಳನ್ನು ಪಳಗಿಸುವುದು ಎಂದರೆ ಎರಕದ ಕಬ್ಬಿಣದಿಂದ ತಯಾರಿಸಿದ ಕಾವಲಿ, ಬಾಣಲೆ, ಗುಂಡಿ ಮುಂತಾದ ಅಡುಗೆ ಪಾತ್ರೆಗಳ ಮೇಲ್ಮೈಗೆ ಎಣ್ಣೆ ಅಥವಾ ಕೊಬ್ಬನ್ನು ತೆಳುವಾಗಿ ಸವರಿ, ಹೆಚ್ಚಿನ ಶಾಖದಲ್ಲಿ ಕಾಯಿಸಿ, ಗಟ್ಟಿಯಾದ ಕಪ್ಪು ಲೇಪನವನ್ನು ಉಂಟುಮಾಡುವ ಕ್ರಿಯೆ. ಈ ಲೇಪನವು ಎರಡು ಕೆಲಸಗಳನ್ನು ಮಾಡುತ್ತದೆ: ಲೋಹಕ್ಕೆ ನೀರು ಮತ್ತು ಗಾಳಿ ತಾಗದಂತೆ ತಡೆದು ತುಕ್ಕಿನಿಂದ ರಕ್ಷಿಸುತ್ತದೆ, ಆಹಾರವು ಪಾತ್ರೆಗೆ ಅಂಟಿಕೊಳ್ಳುವುದನ್ನು ಕಡಿಮೆ ಮಾಡುತ್ತದೆ.

ದಪ್ಪವಾಗಿರುವುದರಿಂದ ಹಾಗೂ ಕರಗುವ ಹಿಡಿಗಳಾಗಲಿ ಕೃತಕ ಲೇಪನವಾಗಲಿ ಇಲ್ಲದಿರುವುದರಿಂದ ಬೀಡು ಕಬ್ಬಿಣದ ಪಾತ್ರೆಗಳು ಸೌದೆಯ ಬೆಂಕಿ ಮತ್ತು ಕೆಂಡದ ಮೇಲಿನ ಅಡುಗೆಗೆ ಹೊಂದಿಕೊಳ್ಳುತ್ತವೆ. ಈ ಕಾರಣದಿಂದ ಚಾರಣ ಶಿಬಿರಗಳಲ್ಲಿಯೂ ಹೊರಾಂಗಣ ಅಡುಗೆಯಲ್ಲಿಯೂ ಇವುಗಳ ಬಳಕೆ ಹಲವು ದೇಶಗಳಲ್ಲಿ ರೂಢಿಯಲ್ಲಿದೆ. ಶಿಬಿರಾಗ್ನಿಯ ಬಳಿ ಇವುಗಳನ್ನು ಸ್ವಚ್ಛಗೊಳಿಸುವಾಗ ಒಂದು ವ್ಯತ್ಯಾಸವನ್ನು ಗಮನದಲ್ಲಿಡಬೇಕಾಗುತ್ತದೆ. ತುಕ್ಕು ಹಿಡಿದ ಅಥವಾ ಲೇಪನ ಕಳೆದುಕೊಂಡ ಪಾತ್ರೆಯನ್ನು ಮತ್ತೆ ಪಳಗಿಸಿ ಬಳಸಬಹುದು. ಆದರೆ ಉಷ್ಣತೆಯ ಹಠಾತ್ ಬದಲಾವಣೆಯಿಂದ ಬಿರುಕುಬಿಟ್ಟ ಪಾತ್ರೆಯನ್ನು ಸಾಮಾನ್ಯವಾಗಿ ಸರಿಪಡಿಸಲಾಗುವುದಿಲ್ಲ.

ಲೋಹದ ಗುಣಲಕ್ಷಣಗಳು

ಬೀಡು ಕಬ್ಬಿಣವು ಕಬ್ಬಿಣ ಮತ್ತು ಇಂಗಾಲದ ಮಿಶ್ರಲೋಹ. ಇದರಲ್ಲಿ ಸುಮಾರು 2ರಿಂದ 4 ಪ್ರತಿಶತ ಇಂಗಾಲವೂ 1ರಿಂದ 3 ಪ್ರತಿಶತ ಸಿಲಿಕಾನ್ ಕೂಡ ಇರುತ್ತವೆ. ಪಾತ್ರೆಗಳಿಗೆ ಬಳಸುವ ಬೂದು ಬೀಡು ಕಬ್ಬಿಣದಲ್ಲಿ ಇಂಗಾಲದ ಬಹುಭಾಗವು ಸಣ್ಣ ಗ್ರಾಫೈಟ್ ಪದರಗಳ ರೂಪದಲ್ಲಿ ಹರಡಿಕೊಂಡಿರುತ್ತದೆ. ಈ ಪದರಗಳ ಕಾರಣದಿಂದಲೇ ಲೋಹವು ಬಡಿದರೆ ಬಾಗದೆ ಒಡೆಯುತ್ತದೆ.

ಬೀಡು ಕಬ್ಬಿಣದ ಉಷ್ಣವಾಹಕತೆಯು ಅಲ್ಯೂಮಿನಿಯಂನ ಸುಮಾರು ನಾಲ್ಕನೇ ಒಂದು ಭಾಗದಷ್ಟು ಮಾತ್ರ. ಆದ್ದರಿಂದ ಪಾತ್ರೆಯು ನಿಧಾನವಾಗಿ ಕಾಯುತ್ತದೆ. ಬೆಂಕಿ ತಗುಲಿದ ಭಾಗ ಬಿಸಿಯಾಗಿ ಉಳಿದ ಭಾಗ ತಣ್ಣಗೆ ಉಳಿಯುವ ಸಾಧ್ಯತೆಯೂ ಇರುತ್ತದೆ. ಆದರೆ ಪಾತ್ರೆಯು ದಪ್ಪವಾಗಿಯೂ ಭಾರವಾಗಿಯೂ ಇರುವುದರಿಂದ ಒಮ್ಮೆ ಕಾದ ಮೇಲೆ ಶಾಖವನ್ನು ಬಹಳ ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ. ಕಾದ ಪಾತ್ರೆಗೆ ತಣ್ಣೀರು ಸುರಿದಾಗ ನೀರು ತಾಗಿದ ಭಾಗ ಥಟ್ಟನೆ ಕುಗ್ಗುತ್ತದೆ, ಪಕ್ಕದ ಭಾಗ ಹಿಗ್ಗಿದ ಸ್ಥಿತಿಯಲ್ಲಿಯೇ ಇರುತ್ತದೆ. ಈ ಸೆಳೆತವನ್ನು ತಾಳಲಾರದೆ ಲೋಹ ಬಿರುಕುಬಿಡುತ್ತದೆ.

ಲೇಪನ ಉಂಟಾಗುವ ಬಗೆ

ಪಳಗಿದ ಪಾತ್ರೆಯ ಕಪ್ಪು ಪದರವು ಎಣ್ಣೆಯೂ ಅಲ್ಲ, ಮಸಿಯೂ ಅಲ್ಲ. ಎಣ್ಣೆಯಲ್ಲಿರುವ ಅಪರ್ಯಾಪ್ತ ಕೊಬ್ಬಿನಾಮ್ಲಗಳು ಗಾಳಿಯ ಆಮ್ಲಜನಕದೊಂದಿಗೆ ವರ್ತಿಸಿ, ಶಾಖದಲ್ಲಿ ಒಂದಕ್ಕೊಂದು ಹೆಣೆದುಕೊಂಡು ದೊಡ್ಡ ಅಣುಗಳ ಜಾಲವಾಗುತ್ತವೆ. ಈ ಕ್ರಿಯೆಯನ್ನು ಪಾಲಿಮರೀಕರಣ ಎನ್ನುತ್ತಾರೆ. ಹೀಗೆ ಉಂಟಾದ ಪದರವು ನೀರಿನಲ್ಲಿ ಕರಗುವುದಿಲ್ಲ, ಒರೆಸಿದರೆ ಹೋಗುವುದಿಲ್ಲ. ಮರದ ಪೀಠೋಪಕರಣಗಳಿಗೆ ಹಚ್ಚಿದ ಅಗಸೆ ಎಣ್ಣೆ ಒಣಗಿ ಗಟ್ಟಿಯಾಗುವುದೂ ಇದೇ ಬಗೆಯ ಕ್ರಿಯೆಯಿಂದ.

ಯಾವುದೇ ಖಾದ್ಯ ತೈಲವನ್ನು ಇದಕ್ಕೆ ಬಳಸಬಹುದಾದರೂ ಫಲಿತಾಂಶದಲ್ಲಿ ವ್ಯತ್ಯಾಸಗಳಿವೆ. ಸೂರ್ಯಕಾಂತಿ, ಸೋಯಾ, ಕನೋಲಾ ಮುಂತಾದ ಅಪರ್ಯಾಪ್ತ ತೈಲಗಳು ಸುಲಭವಾಗಿ ಪದರಗಟ್ಟುತ್ತವೆ. ಬಹುಪಾಲು ಪರ್ಯಾಪ್ತ ಕೊಬ್ಬನ್ನೇ ಹೊಂದಿರುವ ಕೊಬ್ಬರಿ ಎಣ್ಣೆಯು ಅಷ್ಟು ಸುಲಭವಾಗಿ ಪದರಗಟ್ಟುವುದಿಲ್ಲ. ಅಗಸೆ ಎಣ್ಣೆಯು ಬೇಗನೆ ಗಟ್ಟಿಯಾದರೂ ಅದರ ಪದರವು ಕೆಲವೊಮ್ಮೆ ಹಕ್ಕಳೆಯಾಗಿ ಏಳುತ್ತದೆ.

ಎಣ್ಣೆ ಹೆಚ್ಚಾದಷ್ಟೂ ಲೇಪನ ಉತ್ತಮವಾಗುತ್ತದೆ ಎಂಬುದು ಸರಿಯಲ್ಲ. ದಪ್ಪಗೆ ಹಚ್ಚಿದ ಎಣ್ಣೆಯ ಮೇಲ್ಭಾಗ ಮಾತ್ರ ಗಟ್ಟಿಯಾಗಿ ಒಳಭಾಗ ಜಿಗುಟಾಗಿ ಉಳಿಯುತ್ತದೆ. ಹಾಗಾಗಿ ಎಣ್ಣೆ ಸವರಿದ ಮೇಲೆ ಒಣಬಟ್ಟೆಯಿಂದ ಅದನ್ನು ಪೂರ್ತಿ ಒರೆಸಿ ತೆಗೆಯುವಂತೆಯೇ ಉಜ್ಜಬೇಕು. ಆಗ ಉಳಿಯುವ ತೆಳುವಾದ ಪದರವೇ ಸಾಕಾಗುತ್ತದೆ.

ಇತಿಹಾಸ

ಕಬ್ಬಿಣವನ್ನು ಕರಗಿಸಿ ಅಚ್ಚಿಗೆ ಎರೆಯುವ ವಿದ್ಯೆಯು ಚೀನಾದಲ್ಲಿ ಕ್ರಿ.ಪೂ. 5ನೇ ಶತಮಾನದ ವೇಳೆಗೆ ಬಳಕೆಯಲ್ಲಿತ್ತು. ಇಂಗ್ಲೆಂಡಿನಲ್ಲಿ ಅಬ್ರಹಾಂ ಡರ್ಬಿಯು 1707ರಲ್ಲಿ ಮರಳಿನ ಅಚ್ಚಿನಲ್ಲಿ ಕಬ್ಬಿಣದ ಗುಂಡಿಗಳನ್ನು ಎರೆಯುವ ವಿಧಾನಕ್ಕೆ ಪೇಟೆಂಟ್ ಪಡೆದನು. 1709ರಲ್ಲಿ ಕೋಲ್‌ಬ್ರೂಕ್‌ಡೇಲ್‌ನಲ್ಲಿ ಇದ್ದಿಲಿನ ಬದಲು ಕೋಕ್ ಬಳಸಿ ಕಬ್ಬಿಣವನ್ನು ಕರಗಿಸುವಲ್ಲಿ ಅವನು ಯಶಸ್ವಿಯಾದನು. ಇದರಿಂದ ಎರಕದ ಪಾತ್ರೆಗಳು ಕಡಿಮೆ ಬೆಲೆಗೆ ದೊರೆಯಲು ಹಾದಿಯಾಯಿತು.

ಅಮೆರಿಕದಲ್ಲಿ ಪಶ್ಚಿಮದ ಕಡೆಗೆ ವಲಸೆ ಹೊರಟ ಕುಟುಂಬಗಳು ಹಾಗೂ ದನಗಾಹಿಗಳು ಡಚ್ ಅವನ್ ಎಂಬ ಮುಚ್ಚಳವಿರುವ ಗುಂಡಿಯನ್ನು ವ್ಯಾಪಕವಾಗಿ ಬಳಸಿದರು. ಶಿಬಿರಕ್ಕೆಂದು ರೂಪಿಸಿದ ಡಚ್ ಅವನ್‌ಗೆ ಕೆಂಡದ ಮೇಲೆ ನಿಲ್ಲಲು ಮೂರು ಗಿಡ್ಡ ಕಾಲುಗಳೂ ಮುಚ್ಚಳದ ಮೇಲೆ ಹಾಕಿದ ಕೆಂಡ ಜಾರದಂತೆ ಸುತ್ತಲೂ ಅಂಚುಕಟ್ಟೂ ತೂಗುಹಾಕಲು ತಂತಿಯ ಹಿಡಿಯೂ ಇರುತ್ತವೆ. ಇಂಥದೇ ಪಾತ್ರೆಯನ್ನು ಆಸ್ಟ್ರೇಲಿಯಾದಲ್ಲಿ ಕ್ಯಾಂಪ್ ಅವನ್ ಎಂದು ಕರೆಯುತ್ತಾರೆ. ದಕ್ಷಿಣ ಆಫ್ರಿಕಾದಲ್ಲಿ ಮೂರು ಕಾಲಿನ ದುಂಡು ಗುಂಡಿಗೆ ಪೊಯ್ಕಿ ಎಂಬ ಹೆಸರಿದೆ. ಅಮೆರಿಕದ ಯೂಟಾ ರಾಜ್ಯವು 1997ರಲ್ಲಿ ಡಚ್ ಅವನ್ ಅನ್ನು ತನ್ನ ಅಧಿಕೃತ ಅಡುಗೆ ಪಾತ್ರೆಯೆಂದು ಘೋಷಿಸಿತು. 2005ರಲ್ಲಿ ಟೆಕ್ಸಾಸ್ ರಾಜ್ಯವೂ ಅಂಥದೇ ಮನ್ನಣೆ ನೀಡಿತು.

1938ರಲ್ಲಿ ಪತ್ತೆಯಾದ ಟೆಫ್ಲಾನ್‌ನ ಲೇಪನವಿರುವ ಬಾಣಲೆಗಳು 1950ರ ದಶಕದಿಂದ ಮಾರುಕಟ್ಟೆಗೆ ಬಂದ ಮೇಲೆ ಮನೆಗಳಲ್ಲಿ ಬೀಡು ಕಬ್ಬಿಣದ ಬಳಕೆ ತಗ್ಗಿತು. ಟೆನೆಸಿ ರಾಜ್ಯದಲ್ಲಿ 1896ರಲ್ಲಿ ಆರಂಭವಾದ ಲಾಡ್ಜ್ ಸಂಸ್ಥೆಯು 2002ರಿಂದ ಕಾರ್ಖಾನೆಯಲ್ಲಿಯೇ ಪಳಗಿಸಿದ ಪಾತ್ರೆಗಳನ್ನು ಮಾರತೊಡಗಿತು. ಇಂದು ದೊರೆಯುವ ಹಲವು ಪಾತ್ರೆಗಳು ಹೀಗೆ ಮೊದಲೇ ಪಳಗಿಸಿದವುಗಳಾಗಿರುತ್ತವೆ.

ಶಿಬಿರಾಗ್ನಿಯ ಬಳಿ ಸ್ವಚ್ಛಗೊಳಿಸುವ ವಿಧಾನ

ಅಡುಗೆ ಮುಗಿದ ಮೇಲೆ ಪಾತ್ರೆಯನ್ನು ಬೆಂಕಿಯಿಂದ ಇಳಿಸಿ, ಕೈ ಸಹಿಸುವಷ್ಟು ಬೆಚ್ಚಗಾಗುವವರೆಗೆ ಬಿಡಬೇಕು. ಒದ್ದೆ ನೆಲ ಅಥವಾ ತಣ್ಣನೆಯ ಕಲ್ಲಿನ ಮೇಲೆ ಬಿಸಿ ಪಾತ್ರೆಯನ್ನು ಇಡುವುದು ಸೂಕ್ತವಲ್ಲ. ಅನಂತರದ ಕ್ರಮ ಹೀಗಿದೆ:

1. ಪಾತ್ರೆಯಲ್ಲಿ ಉಳಿದ ಆಹಾರವನ್ನು ಮರದ ಸಟ್ಟುಗದಿಂದ ಕೆರೆದು ತೆಗೆಯುವುದು.
2. ಸೀದು ಅಂಟಿದ್ದರೆ ಸ್ವಲ್ಪ ಬಿಸಿನೀರು ಹಾಕಿ, ಕೆಂಡದ ಮೇಲೆ ಕೆಲವು ನಿಮಿಷ ಕುದಿಸಿ, ಮತ್ತೆ ಕೆರೆಯುವುದು. ನೀರಿನ ಕೊರತೆಯಿದ್ದಲ್ಲಿ ಕಲ್ಲುಪ್ಪು ಮತ್ತು ಕೆಲವು ಹನಿ ಎಣ್ಣೆ ಹಾಕಿ ಬಟ್ಟೆಯಿಂದ ಉಜ್ಜುವುದು.
3. ಅಗತ್ಯವಿದ್ದರೆ ಒಂದೆರಡು ಹನಿ ಪಾತ್ರೆ ತೊಳೆಯುವ ದ್ರವ ಬಳಸಿ, ಬಿಸಿನೀರಿನಲ್ಲಿ ತೊಳೆಯುವುದು.
4. ಬಟ್ಟೆಯಿಂದ ಒರೆಸಿ, ಮತ್ತೆ ಕೆಂಡದ ಮೇಲಿಟ್ಟು ತೇವ ಪೂರ್ತಿ ಆರುವವರೆಗೆ ಕಾಯಿಸುವುದು.
5. ಪಾತ್ರೆ ಬೆಚ್ಚಗಿರುವಾಗಲೇ ಒಳಗೂ ಹೊರಗೂ ಎಣ್ಣೆಯನ್ನು ತೆಳುವಾಗಿ ಸವರಿ, ಹೆಚ್ಚಾದುದನ್ನು ಒರೆಸುವುದು.

ಇವುಗಳಲ್ಲಿ ನಾಲ್ಕನೆಯ ಹಂತವನ್ನು ಬಿಡುವಂತಿಲ್ಲ. ಬೀಡು ಕಬ್ಬಿಣದ ಮೇಲ್ಮೈ ಒರಟಾಗಿದ್ದು, ಕಣ್ಣಿಗೆ ಕಾಣದ ತಗ್ಗುಗಳಲ್ಲಿ ತೇವ ನಿಲ್ಲುತ್ತದೆ. ಬಟ್ಟೆಯಿಂದ ಒರೆಸಿ ಮುಚ್ಚಿಟ್ಟ ಪಾತ್ರೆಯು ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿಯಬಹುದು. ಮುಚ್ಚಳವಿರುವ ಗುಂಡಿಗಳನ್ನು ಎತ್ತಿಡುವಾಗ ಗಾಳಿಯಾಡಲು ಮುಚ್ಚಳದ ಅಂಚಿನಲ್ಲಿ ಮಡಿಸಿದ ಕಾಗದ ಅಥವಾ ಬಟ್ಟೆಯನ್ನು ಇಡುವ ರೂಢಿಯಿದೆ.

ತೊಳೆದ ನೀರನ್ನು ಹಳ್ಳ, ಕೆರೆಗಳಿಗೆ ಬಿಡದೆ, ಆಹಾರದ ತುಣುಕುಗಳನ್ನು ಸೋಸಿ ತೆಗೆದು, ಜಲಮೂಲದಿಂದ ಸುಮಾರು 60 ಮೀಟರ್‌ಗಿಂತ ದೂರದಲ್ಲಿ ಹರಡಿ ಚೆಲ್ಲಬೇಕು. ಉಳಿದ ಜಿಡ್ಡಿನ ವಾಸನೆಯು ಕಾಡುಪ್ರಾಣಿಗಳನ್ನು ಶಿಬಿರದ ಕಡೆಗೆ ಸೆಳೆಯುವ ಸಾಧ್ಯತೆಯೂ ಇರುತ್ತದೆ.

ಕೆಂಡದ ಮೇಲೆ ಪಳಗಿಸುವ ವಿಧಾನ

ಮನೆಯಲ್ಲಿ ಪಾತ್ರೆಯನ್ನು ಅವನ್‌ನಲ್ಲಿ ಬೋರಲಾಗಿಟ್ಟು ಸುಮಾರು 200ರಿಂದ 260 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಂದು ಗಂಟೆ ಕಾಯಿಸಲಾಗುತ್ತದೆ. ಶಿಬಿರಾಗ್ನಿಯಲ್ಲಿ ಶಾಖವನ್ನು ಅಳೆಯುವುದು ಕಷ್ಟವಾದ್ದರಿಂದ ಎಣ್ಣೆಯ ಹೊಗೆಯನ್ನೇ ಗುರುತಾಗಿ ನೋಡಬೇಕಾಗುತ್ತದೆ.

ಸೌದೆ ಉರಿದು ಜ್ವಾಲೆ ಇಳಿದ ಮೇಲೆ ಕೆಂಡವನ್ನು ಸಮನಾಗಿ ಹರಡಿ, ಅದರ ಮೇಲೆ ಕಬ್ಬಿಣದ ಜಾಲರಿಯನ್ನು ಇಡಲಾಗುತ್ತದೆ. ತೊಳೆದು ಒಣಗಿಸಿ, ಎಣ್ಣೆ ಸವರಿ ಒರೆಸಿದ ಪಾತ್ರೆಯನ್ನು ಮೊದಲು ಕೆಂಡದ ಅಂಚಿನಲ್ಲಿಟ್ಟು ನಿಧಾನವಾಗಿ ಬೆಚ್ಚಗಾಗಿಸಿ, ಅನಂತರ ಜಾಲರಿಯ ನಡುವೆ ಬೋರಲಾಗಿ ಇಡಲಾಗುತ್ತದೆ. ಸ್ವಲ್ಪ ಹೊತ್ತಿಗೆ ಎಣ್ಣೆಯಿಂದ ತೆಳುವಾದ ಹೊಗೆ ಏಳುತ್ತದೆ. ಕಾವು ಒಂದೇ ಕಡೆ ತಗುಲದಂತೆ ಪಾತ್ರೆಯನ್ನು ಆಗಾಗ ತಿರುಗಿಸುತ್ತಿರಬೇಕು. ಹೊಗೆ ನಿಂತು ಮೇಲ್ಮೈ ಒಣಗಿದಂತೆ ಕಂಡಾಗ ಒಂದು ಪದರ ಪೂರ್ಣವಾಯಿತೆಂದು ತಿಳಿಯಬಹುದು. ಹೊಸ ಪಾತ್ರೆಗೆ ಅಥವಾ ತುಕ್ಕು ತೆಗೆದ ಪಾತ್ರೆಗೆ ಇದನ್ನು ಮೂರು ನಾಲ್ಕು ಬಾರಿ ಪುನರಾವರ್ತಿಸಲಾಗುತ್ತದೆ. ಕೊನೆಯಲ್ಲಿ ಪಾತ್ರೆಯನ್ನು ಕೆಂಡದ ಬದಿಯಲ್ಲಿಯೇ ತಾನಾಗಿ ಆರಲು ಬಿಡಬೇಕು.

ಜ್ವಾಲೆಯ ನೇರ ಸಂಪರ್ಕದಲ್ಲಿ ಲೇಪನವು ಕೂಡುವ ಬದಲು ಸುಟ್ಟು ಬೂದಿಯಾಗುತ್ತದೆ. ಹಳೆಯ ಲೇಪನವನ್ನು ಕಳೆಯಲು ಪಾತ್ರೆಯನ್ನು ಉರಿಯುವ ಬೆಂಕಿಗೆ ಎಸೆಯುವ ಪದ್ಧತಿಯೂ ಕೆಲವೆಡೆ ಇದೆ. ಇದು ಅಪಾಯಕರವಾದುದು. ಹೀಗೆ ಅತಿಯಾಗಿ ಕಾದ ಪಾತ್ರೆ ಸೊಟ್ಟಗಾಗಬಹುದು, ಬಿರುಕುಬಿಡಬಹುದು. ಅಥವಾ ಮೇಲ್ಮೈ ಕೆಂಪಗಾಗಿ ಮುಂದೆ ಲೇಪನವನ್ನು ಸರಿಯಾಗಿ ಹಿಡಿಯದಂತಾಗಬಹುದು.

ತುಕ್ಕು ಹಿಡಿದ ಪಾತ್ರೆಗಳು

ಮೇಲುಮೇಲಿನ ತುಕ್ಕನ್ನು ಉಕ್ಕಿನ ನಾರು, ಮರಳು ಅಥವಾ ಉಪ್ಪಿನಿಂದ ಉಜ್ಜಿ, ಬೂದು ಬಣ್ಣದ ಲೋಹ ಕಾಣುವವರೆಗೆ ತೆಗೆದು, ತಡಮಾಡದೆ ಒಣಗಿಸಿ ಪಳಗಿಸಬೇಕು. ದಪ್ಪನೆಯ ತುಕ್ಕಿಗೆ ಸಮಪ್ರಮಾಣದ ವಿನೆಗರ್ ಮತ್ತು ನೀರಿನಲ್ಲಿ ಅರ್ಧ ಗಂಟೆಯಷ್ಟು ನೆನೆಸುವುದುಂಟು. ಹೆಚ್ಚು ಹೊತ್ತು ಬಿಟ್ಟರೆ ಆಮ್ಲವು ಲೋಹವನ್ನೇ ಕೊರೆಯುತ್ತದೆ. ಹಳೆಯ ಲೇಪನವನ್ನು ಪೂರ್ತಿಯಾಗಿ ತೆಗೆಯಲು ಕಾಸ್ಟಿಕ್ ಸೋಡಾದಂಥ ಪ್ರಬಲ ಕ್ಷಾರವನ್ನು ಬಳಸಲಾಗುತ್ತದೆ. ಇದು ಚರ್ಮವನ್ನೂ ಕಣ್ಣನ್ನೂ ಸುಡುವ ವಸ್ತುವಾದ್ದರಿಂದ ಶಿಬಿರದಲ್ಲಿ ಬಳಸತಕ್ಕದ್ದಲ್ಲ.

ಸಾಬೂನಿನ ಬಗೆಗಿನ ನಂಬಿಕೆ

ಬೀಡು ಕಬ್ಬಿಣಕ್ಕೆ ಸಾಬೂನು ತಾಗಬಾರದು ಎಂಬ ನಂಬಿಕೆ ವ್ಯಾಪಕವಾಗಿದೆ. ಹಿಂದಿನ ಸಾಬೂನುಗಳಲ್ಲಿ ಉಳಿಯುತ್ತಿದ್ದ ಕ್ಷಾರವು ಲೇಪನವನ್ನು ಸಡಿಲಗೊಳಿಸುತ್ತಿದ್ದುದೇ ಇದಕ್ಕೆ ಮೂಲವೆಂದು ವಿವರಿಸಲಾಗುತ್ತದೆ. ಇಂದಿನ ಪಾತ್ರೆ ತೊಳೆಯುವ ದ್ರವಗಳು ಜಿಡ್ಡನ್ನು ತೆಗೆಯುತ್ತವೆಯೇ ಹೊರತು ಪಾಲಿಮರೀಕರಣಗೊಂಡ ಪದರವನ್ನು ಕರಗಿಸುವುದಿಲ್ಲ. ಪಾತ್ರೆ ತೊಳೆಯುವ ಯಂತ್ರದ ವಿಷಯ ಬೇರೆ. ಅದರಲ್ಲಿ ಬಳಸುವ ಪುಡಿಯ ಕ್ಷಾರ ಮತ್ತು ದೀರ್ಘಕಾಲದ ಒದ್ದೆತನ ಸೇರಿ ಲೇಪನವನ್ನು ಹಾಳುಮಾಡುತ್ತವೆ. ಪಾತ್ರೆಯನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಹಾಕುವುದೂ ಹಾನಿಕರ.

ಕರ್ನಾಟಕದಲ್ಲಿ

ಕರ್ನಾಟಕದಲ್ಲಿ ದೋಸೆ, ನೀರುದೋಸೆ, ರೊಟ್ಟಿಗಳ ಕಾವಲಿ ಹಾಗೂ ಪಡ್ಡು ಅಥವಾ ಗುಳಿಯಪ್ಪದ ಕಾವಲಿಗಳು ಬೀಡು ಕಬ್ಬಿಣದಲ್ಲಿ ದೊರೆಯುತ್ತವೆ. ಪಳಗಿಸುವುದು ಎಂಬ ಪದವೂ ಈ ಕಾವಲಿಗಳ ಸಂದರ್ಭದಲ್ಲಿಯೇ ಹೆಚ್ಚು ಬಳಕೆಯಲ್ಲಿದೆ. ಹೊಸ ಕಾವಲಿಯನ್ನು ಅಕ್ಕಿ ತೊಳೆದ ನೀರು ಅಥವಾ ಗಂಜಿಯಲ್ಲಿ ನೆನೆಸಿ, ದಿನವೂ ತೊಳೆದು ನೀರು ಬದಲಿಸಿ, ಅನಂತರ ಎಣ್ಣೆ ಹಚ್ಚಿ ಕಾಯಿಸುವ ಕ್ರಮ ಮನೆಗಳಲ್ಲಿದೆ. ಅರ್ಧಕ್ಕೆ ಕತ್ತರಿಸಿದ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಬಿಸಿ ಕಾವಲಿಯ ಮೇಲೆ ಉಜ್ಜುವುದರಿಂದ ಎಣ್ಣೆಯು ತೆಳುವಾಗಿಯೂ ಸಮನಾಗಿಯೂ ಹರಡುತ್ತದೆ. ತೊಳೆಯಲು ತೆಂಗಿನ ನಾರು ಮತ್ತು ಒಲೆಯ ಬೂದಿಯನ್ನು ಬಳಸುತ್ತಿದ್ದರು. ಸೌದೆಯ ಬೂದಿಯೂ ಕ್ಷಾರಗುಣ ಹೊಂದಿರುವುದರಿಂದ ಜಿಡ್ಡನ್ನು ತೆಗೆಯುತ್ತದೆ. ಒತ್ತಿ ಉಜ್ಜಿದರೆ ಲೇಪನವೂ ಸವೆಯುತ್ತದೆ.

ಆರೋಗ್ಯ ಮತ್ತು ಸುರಕ್ಷತೆ

ಬೀಡು ಕಬ್ಬಿಣದ ಪಾತ್ರೆಯಲ್ಲಿ ಬೇಯಿಸಿದ ಆಹಾರಕ್ಕೆ ಸ್ವಲ್ಪ ಪ್ರಮಾಣದ ಕಬ್ಬಿಣಾಂಶ ಸೇರುತ್ತದೆ. ಟೊಮೆಟೊ, ಹುಣಸೆಹಣ್ಣುಗಳಂಥ ಹುಳಿ ಪದಾರ್ಥಗಳನ್ನು ದೀರ್ಘಕಾಲ ಬೇಯಿಸಿದಾಗ ಈ ಪ್ರಮಾಣ ಹೆಚ್ಚುತ್ತದೆ. ಆಹಾರಕ್ಕೆ ಲೋಹದ ರುಚಿ ಬರುವುದಲ್ಲದೆ ಲೇಪನವೂ ಕ್ಷೀಣಿಸುತ್ತದೆ. ಶರೀರದಲ್ಲಿ ಕಬ್ಬಿಣಾಂಶ ಮಿತಿಮೀರಿ ಸಂಗ್ರಹವಾಗುವ ಹಿಮೊಕ್ರೊಮಾಟೋಸಿಸ್ ಎಂಬ ಆನುವಂಶಿಕ ಕಾಯಿಲೆ ಇರುವವರು ಇಂಥ ಪಾತ್ರೆಗಳ ಬಳಕೆಯ ಬಗ್ಗೆ ವೈದ್ಯರ ಸಲಹೆ ಪಡೆಯುವುದು ಸೂಕ್ತ.

ಗುಜರಿಯಲ್ಲಿ ಅಥವಾ ಹಳೆಯ ವಸ್ತುಗಳ ಮಾರಾಟದಲ್ಲಿ ಕೊಂಡ ಪಾತ್ರೆಗಳ ವಿಷಯದಲ್ಲಿ ಎಚ್ಚರಿಕೆ ಅಗತ್ಯ. ಮೀನುಗಾರಿಕೆಯ ಗುಂಡು, ಬಂದೂಕಿನ ಗುಂಡು ಮುಂತಾದವುಗಳಿಗಾಗಿ ಸೀಸವನ್ನು ಕರಗಿಸಲು ಕೆಲವು ಹಳೆಯ ಪಾತ್ರೆಗಳನ್ನು ಬಳಸಿರುತ್ತಾರೆ. ಸೀಸದ ಸಂಶಯವಿರುವ ಪಾತ್ರೆಯನ್ನು ಪರೀಕ್ಷಿಸದೆ ಅಡುಗೆಗೆ ಬಳಸಬಾರದು. ಪಳಗಿಸುವುದರಿಂದ ಈ ದೋಷ ಹೋಗುವುದಿಲ್ಲ.

ಬೀಡು ಕಬ್ಬಿಣದ ಹಿಡಿಯೂ ಪಾತ್ರೆಯಷ್ಟೇ ಕಾಯುವುದರಿಂದ ಇಕ್ಕಳ ಅಥವಾ ಚರ್ಮದ ಕೈಗವಸು ಬೇಕಾಗುತ್ತದೆ. ಬಣ್ಣ ಬಳಿದ ಅಥವಾ ರಾಸಾಯನಿಕಗಳಿಂದ ಸಂಸ್ಕರಿಸಿದ ಮರವನ್ನು ಅಡುಗೆಯ ಬೆಂಕಿಗೆ ಹಾಕಬಾರದು. ಅಗಸೆ ಎಣ್ಣೆಯಂಥ ಬೇಗ ಒಣಗುವ ಎಣ್ಣೆಗಳಲ್ಲಿ ತೊಯ್ದ ಬಟ್ಟೆಯನ್ನು ಮುದ್ದೆಮಾಡಿ ಇಟ್ಟರೆ ಅದು ತಾನಾಗಿಯೇ ಹೊತ್ತಿಕೊಳ್ಳಬಹುದು. ಅಂಥ ಬಟ್ಟೆಯನ್ನು ಬಿಡಿಸಿ ಒಣಗಿಸಬೇಕು ಅಥವಾ ನೀರಿನಲ್ಲಿ ಮುಳುಗಿಸಿಡಬೇಕು. ಭಾರತದ ವನ್ಯಜೀವಿಧಾಮಗಳಲ್ಲಿ ಅಪಾಯಕಾರಿಯಾಗುವಂತೆ ಬೆಂಕಿ ಹೊತ್ತಿಸುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ನಿಷೇಧಿಸುತ್ತದೆ. ಶಿಬಿರ ಬಿಡುವ ಮೊದಲು ಕೆಂಡಕ್ಕೆ ನೀರು ಸುರಿದು, ಕಲಸಿ, ಬೂದಿಯು ಕೈಗೆ ತಣ್ಣಗಾಗಿದೆಯೆಂದು ಖಚಿತಪಡಿಸಿಕೊಳ್ಳಬೇಕು. ಕೆಂಡಕ್ಕೆ ನೀರು ಹಾಕುವ ಮೊದಲು ಪಾತ್ರೆಯನ್ನು ಅದರಿಂದ ದೂರ ಸರಿಸಿರಬೇಕು.