ಮಾತು ಬಂದಾಗ ಕೈಬಿಡದವರು

ಮಾತಿಲ್ಲದ ಚಿತ್ರ ಅಂದರೆ ನಮ್ಮಲ್ಲಿ ಬಹಳ ಜನಕ್ಕೆ ತಟ್ಟನೆ ನೆನಪಾಗೋದು 1987ರ 'ಪುಷ್ಪಕ ವಿಮಾನ'. ನನಗೆ ಅದರ ಜೊತೆಗೇ ನೆನಪಾಗುವ ಇನ್ನೊಂದು ಚಿತ್ರ 'ದಿ ಆರ್ಟಿಸ್ಟ್'. ಫ್ರಾನ್ಸಿನ ಮಿಶೆಲ್ ಅಜಾನವೀಸಿಯುಸ್ ನಿರ್ದೇಶಿಸಿ 2011ರಲ್ಲಿ ತೆರೆಗೆ ಬಂದ ಕಪ್ಪು-ಬಿಳುಪು ಮೂಕಿಚಿತ್ರ. 1929ರ ಮೊದಲ ಆಸ್ಕರ್ ಸಮಾರಂಭದಲ್ಲಿ 'ವಿಂಗ್ಸ್' ಗೆದ್ದಿತ್ತು. ಆಮೇಲೆ ಇನ್ನೊಂದು ಮೂಕಿಚಿತ್ರಕ್ಕೆ ಅತ್ಯುತ್ತಮ ಚಿತ್ರ ಪ್ರಶಸ್ತಿ ಸಿಕ್ಕಿದ್ದು 2012ರಲ್ಲಿ, ಇದಕ್ಕೇ!

ಕಥೆ ಶುರುವಾಗೋದು 1927ರ ಹಾಲಿವುಡ್‌ನಲ್ಲಿ. ಅದೇ ವರ್ಷ 'ದಿ ಜಾಝ್ ಸಿಂಗರ್' ಬಂದು ಟಾಕಿಗಳ ಕಾಲ ಆರಂಭವಾಯಿತು. ಚಿತ್ರದ ನಾಯಕ ಜಾರ್ಜ್ ವ್ಯಾಲೆಂಟಿನ್ (ಜಾನ್ ದುಜಾರ್ದಾನ್) ಮೂಕಿಚಿತ್ರಗಳ ದೊಡ್ಡ ತಾರೆ. ಮಾತಿನ ಚಿತ್ರವನ್ನು ನೋಡಿ ನಕ್ಕುಬಿಡುತ್ತಾನೆ. ತನ್ನದೇ ದುಡ್ಡು ಹಾಕಿ ಇನ್ನೊಂದು ಮೂಕಿ ಮಾಡುತ್ತಾನೆ. 1929ರ ಅಕ್ಟೋಬರ್‌ನಲ್ಲಿ ಷೇರುಪೇಟೆ ಕುಸಿಯುತ್ತದೆ, ಚಿತ್ರವೂ ನೆಲಕಚ್ಚುತ್ತದೆ. ಸ್ಟುಡಿಯೋ, ಹೆಂಡತಿ, ಮನೆ... ಎಲ್ಲ ಹೋಯಿತು.

ಉಳಿದವರು ಮೂವರು. ಅವರಿಗಾಗಿಯೇ ನನಗೆ ಈ ಚಿತ್ರ ಇಷ್ಟ.

ಮೊದಲನೆಯವನು ಡ್ರೈವರ್ ಕ್ಲಿಫ್ಟನ್ (ಜೇಮ್ಸ್ ಕ್ರಾಮ್‌ವೆಲ್). ಒಂದು ವರ್ಷದಿಂದ ಸಂಬಳವಿಲ್ಲ. ಕಾರನ್ನೇ ಕೊಟ್ಟು 'ಹೋಗು' ಅಂದರೂ ಮನೆಯ ಮುಂದೆ ಕಾರಿನ ಪಕ್ಕ ನಿಂತೇ ಇರುತ್ತಾನೆ. ಎರಡನೆಯದು ನಾಯಿ. ಜಾರ್ಜ್ ಕುಡಿದು ತನ್ನ ಹಳೆಯ ರೀಲುಗಳಿಗೇ ಬೆಂಕಿ ಹಚ್ಚಿದಾಗ ಓಡಿಹೋಗಿ ಪೊಲೀಸನನ್ನು ಕರೆತರುವುದು ಅದೇ. ಮೂರನೆಯವಳು ಪೆಪ್ಪಿ ಮಿಲ್ಲರ್ (ಬೆರೆನೀಸ್ ಬೆಜೋ). ಜಾರ್ಜ್ ಕೈಹಿಡಿದು ಬೆಳೆಸಿದ ಹುಡುಗಿ, ಈಗ ಟಾಕಿಗಳ ತಾರೆ. ಹರಾಜಾದ ಅವನ ಸಾಮಾನುಗಳನ್ನೆಲ್ಲ ಗುಟ್ಟಾಗಿ ಕೊಂಡು ಇಟ್ಟಿರುತ್ತಾಳೆ. ಅದು ಗೊತ್ತಾದಾಗ ಅವನಿಗೆ ಸಂತೋಷವಾಗುವುದಿಲ್ಲ, ಅವಮಾನವಾಗುತ್ತದೆ. ಬಿದ್ದವನಿಗೆ ನೆರವಾಗೋದು ಎಷ್ಟು ಸೂಕ್ಷ್ಮದ ಕೆಲಸ ನೋಡಿ!

ಇದೆಲ್ಲ ಬರೀ ಸಿನಿಮಾ ಅಂದುಕೊಳ್ಳಬೇಡಿ. ಆ ಕಾಲದ ನಿಜವಾದ ತಾರೆ ಜಾನ್ ಗಿಲ್ಬರ್ಟ್‌ಗೂ ಟಾಕಿ ಬಂದ ಮೇಲೆ ಇದೇ ಗತಿಯಾಯಿತು. ಆಗ ಗ್ರೇಟಾ ಗಾರ್ಬೋ ಹಠ ಹಿಡಿದು 1933ರ 'ಕ್ವೀನ್ ಕ್ರಿಸ್ಟಿನಾ' ಚಿತ್ರಕ್ಕೆ ಅವನನ್ನೇ ನಾಯಕನನ್ನಾಗಿ ಮಾಡಿಸಿದಳು. ಹಿಂದೆ ಅವಳು ಹೊಸಬಳಾಗಿದ್ದಾಗ ಅವನು ಅವಳ ಜೊತೆ ನಟಿಸಿದ್ದ. ಪೆಪ್ಪಿ ಮಾಡಿದ್ದೂ ಇದನ್ನೇ ತಾನೆ? ಆದರೆ ಗಿಲ್ಬರ್ಟ್ ಮತ್ತೆ ಮೇಲೇಳಲಿಲ್ಲ. 1936ರಲ್ಲಿ ತೀರಿಕೊಂಡ.

ಚಿತ್ರಗಳ ಪಾಡಂತೂ ಇನ್ನೂ ಕೆಟ್ಟದ್ದು. ಆಗಿನ ನೈಟ್ರೇಟ್ ಫಿಲ್ಮಿಗೆ ಬೇಗ ಬೆಂಕಿ ಹಿಡಿಯುತ್ತಿತ್ತು. 1937ರಲ್ಲಿ ನ್ಯೂಜೆರ್ಸಿಯ ಫಾಕ್ಸ್ ಉಗ್ರಾಣದ ಬೆಂಕಿಯಲ್ಲಿ ರಾಶಿರಾಶಿ ರೀಲುಗಳು ಸುಟ್ಟುಹೋದವು. ಇನ್ನು ಎಷ್ಟೋ ಚಿತ್ರಗಳನ್ನು 'ಇನ್ನು ಯಾರು ನೋಡ್ತಾರೆ' ಅಂತ ಎಸೆದೇಬಿಟ್ಟರು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಹೊರತಂದ ವರದಿಯ ಪ್ರಕಾರ, 1912ರಿಂದ 1929ರವರೆಗೆ ಅಲ್ಲಿ ತಯಾರಾದ ಸುಮಾರು 11 ಸಾವಿರ ಪೂರ್ಣಪ್ರಮಾಣದ ಮೂಕಿಚಿತ್ರಗಳಲ್ಲಿ ಬಿಡುಗಡೆಯಾದ ಮೂಲ ರೂಪದಲ್ಲಿ ಉಳಿದಿರುವುದು ಶೇ. 14 ಮಾತ್ರ. ನಮ್ಮ ಮೊದಲ ಟಾಕಿ 'ಸತಿ ಸುಲೋಚನ' (1934) ಕೂಡ ಇಂದು ನೋಡಲು ಸಿಗುವುದಿಲ್ಲ.

ಚಿತ್ರದಲ್ಲಿ ಬೆಂಕಿಯ ಮಧ್ಯೆ ಜಾರ್ಜ್ ಒಂದೇ ಒಂದು ಡಬ್ಬಿಯನ್ನು ಎದೆಗವಚಿಕೊಂಡು ಬಿದ್ದಿರುತ್ತಾನೆ. ತೆಗೆದು ನೋಡಿದರೆ, ಅವನೂ ಪೆಪ್ಪಿಯೂ ಮೊದಲ ಸಲ ಜೊತೆಯಾಗಿ ಕುಣಿದ ದೃಶ್ಯದ ರೀಲು. ಹಳೆಯದು ಉಳಿಯೋದು ಹೀಗೇ ಅಂತ ನನಗನ್ನಿಸುತ್ತದೆ. ಅದು ದೊಡ್ಡದು ಅನ್ನುವ ಕಾರಣಕ್ಕಲ್ಲ, ಯಾರೋ ಒಬ್ಬರು ನಿಯತ್ತಿನಿಂದ ಅವಚಿ ಹಿಡಿದುಕೊಂಡಿದ್ದಕ್ಕೆ.

ನೋಡಿಲ್ಲದಿದ್ದರೆ ಒಮ್ಮೆ ನೋಡಿ. ನಾಯಿಗೋಸ್ಕರವಾದರೂ!