ಆನೆಗೆ ಗುಮ್ಮಟ, ಗಿನಿ ಪಿಗ್‌ಗೆ ಗಿಳಿ ಪಂಜರ: ಪ್ರಾಣಿಗಳ ಮನೆ ಅಳೆದವರ ಕಥೆ

ಇವತ್ತಿನ ಎಪಿಸೋಡ್ ಹಂಪಿಯ ಆನೆ ಲಾಯದಲ್ಲಿ ಶುರುವಾಗಿ ನಿಮ್ಮ ಮನೆ ಹಾಲ್‌ನ ಒಂದು ಮೂಲೆಯಲ್ಲಿ ಮುಗಿಯುತ್ತೆ. ನಡುವೆ ಪೆರು ದೇಶದ ಅಡುಗೆಮನೆ ಬರುತ್ತೆ, ಬರ್ಲಿನ್ನಿನ ಲ್ಯಾಬ್ ಬರುತ್ತೆ, ದಿಲ್ಲಿಯ ರಾಜ್ಯಸಭೆ ಬರುತ್ತೆ, ನಮ್ಮ ಕಮಲಾಪುರದ ಝೂ ಕೂಡ ಬರುತ್ತೆ. ಊರು ಎಷ್ಟೇ ಸುತ್ತಿದರೂ ಪ್ರಶ್ನೆ ಮಾತ್ರ ಒಂದೇ. ನಾವು ಸಾಕಿದ ಪ್ರಾಣಿಗೆ ಎಷ್ಟು ಜಾಗ ಬೇಕು ಅಂತ ತೀರ್ಮಾನ ಮಾಡೋದು ಯಾರು? ಸಾಕಿದವರ ಅನುಕೂಲವೋ, ಆ ಪ್ರಾಣಿಯ ಮೈಯೋ?

ಈ ಪ್ರಶ್ನೆ ಈಗ ಯಾಕೆ ಅಂದ್ರೆ, ಗಿನಿ ಪಿಗ್. ಅಂಗೈಯಲ್ಲಿ ಹಿಡಿಸೋ ಮರಿ, ಗುಂಡು ಗುಂಡಾಗಿ, ಬಾಲ ಇಲ್ಲದೆ, ಸೊಪ್ಪಿನ ಕವರ್ ಸದ್ದು ಕೇಳಿದರೆ ಸಾಕು, 'ವೀಕ್ ವೀಕ್' ಅಂತ ಕೂಗುತ್ತೆ. ರೀಲ್ಸ್‌ನಲ್ಲಿ ನೋಡಿ ಮನೆಗೆ ತರ್ತಾರೆ. ಅಂಗಡಿಯವರು ಕೊಟ್ಟ ಪುಟ್ಟ ಪಂಜರದಲ್ಲೋ, ಅಟ್ಟದ ಮೇಲಿದ್ದ ಹಳೆ ಗಿಳಿ ಪಂಜರದಲ್ಲೋ ಇಟ್ಟುಬಿಡ್ತಾರೆ. ಐದಾರು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬದುಕೋ ಜೀವ ಅದು. ಅಷ್ಟೂ ವರ್ಷ ಆ ಪಂಜರದಲ್ಲೇ.

ಮೊದಲು ಆನೆ ಲಾಯಕ್ಕೆ ಹೋಗೋಣ.

ಹಂಪಿಯ ಜನಾನಾ ಆವರಣದ ಗೋಡೆ ದಾಟಿದರೆ ಎದುರಿಗೆ ಉದ್ದಕ್ಕೆ ನಿಂತಿರೋ ಕಟ್ಟಡ. ಸಾಲಾಗಿ 11 ಕೋಣೆ, ಮೇಲೆ ಬೇರೆ ಬೇರೆ ನಮೂನೆಯ ಗುಮ್ಮಟ. ಒಂದೊಂದು ಬಾಗಿಲೂ ಆನೆ ತಲೆ ತಗ್ಗಿಸದೆ ಒಳಗೆ ಹೋಗೋ ಎತ್ತರ. ದಪ್ಪ ಗೋಡೆ, ಎತ್ತರದ ಗುಮ್ಮಟ. ಕಾದ ಗಾಳಿ ಮೇಲಕ್ಕೆ ಏರುತ್ತೆ, ಕೆಳಗೆ ತಂಪು ಉಳಿಯುತ್ತೆ. ಏಪ್ರಿಲ್ ಬಿಸಿಲಲ್ಲಿ ಒಳಗೆ ಕಾಲಿಟ್ಟವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಇಂದಿನ ಎಷ್ಟೋ ಮನೆಗಿಂತ ಒಳ್ಳೆ ಕಟ್ಟಡ.

ಆದರೆ ಕಥೆಗೆ ಇನ್ನೊಂದು ಮಗ್ಗುಲು ಐತಿ. 1443ರಲ್ಲಿ ಪರ್ಷಿಯಾ ಕಡೆಯ ರಾಯಭಾರಿ ಅಬ್ದುಲ್ ರಜಾಕ್ ವಿಜಯನಗರಕ್ಕೆ ಬಂದ. ಆಗ ಎರಡನೇ ದೇವರಾಯನ ಆಳ್ವಿಕೆ. ಅವನು ಕಂಡ ಆನೆಮನೆಗಳ ಬಗ್ಗೆ ವಿವರವಾಗಿ ಬರೆದಿಟ್ಟಿದ್ದಾನೆ. ಒಂದೊಂದು ಆನೆಗೂ ಬೇರೆ ಕೋಣೆ, ಬಲವಾದ ಗೋಡೆ, ಗಟ್ಟಿ ಮರದ ಚಾವಣಿ. ದಿನಕ್ಕೆ ಎರಡು ಸಲ ಖಿಚಡಿ ಊಟ. ಉಪ್ಪು, ಸಕ್ಕರೆ ಹಾಕಿ, ದೊಡ್ಡ ದೊಡ್ಡ ಉಂಡೆ ಕಟ್ಟಿ, ಬೆಣ್ಣೆಯಲ್ಲಿ ಅದ್ದಿ ಬಾಯಿಗೆ ಇಡೋರು. ಅದರಲ್ಲಿ ಒಂದು ಪದಾರ್ಥ ಮರೆತರೂ ಆನೆ ಮಾವುತನ ಮೇಲೆ ಏರಿ ಹೋಗ್ತಿತ್ತಂತೆ, ರಾಜನೂ ಶಿಕ್ಷೆ ಕೊಡ್ತಿದ್ದನಂತೆ.

ರಾಜಭೋಗ ಅಂದ್ರೆ ಇದೇ ಅಲ್ವಾ? ಆದರೆ ಅದೇ ರಜಾಕ್ ಇನ್ನೊಂದು ಮಾತೂ ಬರೆದಿದ್ದಾನೆ. ಆನೆಯ ಕುತ್ತಿಗೆಗೂ ಬೆನ್ನಿಗೂ ಹಾಕಿದ ಸರಪಳಿಯನ್ನ ಮೇಲಿನ ಚಾವಣಿಗೆ ಬಿಗಿದಿರ್ತಿದ್ದರು. ಬೇರೆ ಎಲ್ಲಿ ಕಟ್ಟಿದರೂ ಆನೆ ಬಿಚ್ಚಿಕೊಳ್ಳುತ್ತೆ ಅಂತ. ಮುಂಗಾಲಿಗೂ ಸರಪಳಿ.

ನಾನು ಓದಿದ್ದು ಬಿ.ಕಾಂ. ಲೆಕ್ಕ ಬರೆಯುವಾಗ ನಮಗೆ ಕಲಿಸೋ ಮೊದಲ ಪಾಠ, ಖರ್ಚು ಎಷ್ಟಾಯ್ತು ಅನ್ನೋದು ಒಂದು, ಆ ಖರ್ಚಿನ ಲಾಭ ಯಾರ ಖಾತೆಗೆ ಹೋಯ್ತು ಅನ್ನೋದು ಇನ್ನೊಂದು. ಆನೆ ಲಾಯದ ವೈಭವ ಹೋಗಿದ್ದು ಅರಸನ ಖಾತೆಗೆ. ಆನೆಯ ಖಾತೆಗೆ ಬಂದಿದ್ದು ನೆರಳು, ಊಟ, ಸರಪಳಿ. ಎತ್ತರಕ್ಕೆ ಕೊರತೆ ಇರಲಿಲ್ಲ, ಓಡಾಟಕ್ಕೆ ಇತ್ತು. ಈ ವ್ಯತ್ಯಾಸ ನೆನಪಿಟ್ಟುಕೊಳ್ರಿ, ಗಿನಿ ಪಿಗ್ ವಿಷಯದಲ್ಲೂ ಇದೇ ಬರುತ್ತೆ.

ಈಗ ಸಮುದ್ರ ದಾಟೋಣ. ಹಂಪಿಯಲ್ಲಿ ಗುಮ್ಮಟ ಎದ್ದು ನಿಲ್ಲೋ ಕಾಲಕ್ಕೆ ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳಲ್ಲಿ ಇಂಕಾ ಸಾಮ್ರಾಜ್ಯ ಬೆಳೀತಿತ್ತು. ಗಿನಿ ಪಿಗ್ ಅಲ್ಲಿಯ ಪ್ರಾಣಿ. ಆಫ್ರಿಕಾದ ಗಿನಿಗೂ ಅದಕ್ಕೂ ಸಂಬಂಧ ಇಲ್ಲ, ಹಂದಿಗಂತೂ ಮೊದಲೇ ಇಲ್ಲ. ಅಲ್ಲಿಯ ಜನ ಅದನ್ನ ಸಾವಿರಾರು ವರ್ಷಗಳಿಂದ ಮಾಂಸಕ್ಕಾಗಿ ಸಾಕಿದವರು, ಇವತ್ತಿಗೂ ಸಾಕ್ತಾರೆ. ಅಲ್ಲಿ ಅದರ ಹೆಸರು 'ಕುಯ್'. ನಮ್ಮ ಹಳ್ಳಿ ಮನೆಗಳಲ್ಲಿ ಕೋಳಿ ಓಡಾಡಿಕೊಂಡಿರೋ ಹಾಗೆ, ಅಲ್ಲಿ ಅವು ಒಲೆ ಪಕ್ಕ, ಅಡುಗೆಮನೆ ನೆಲದ ಮೇಲೆ, ಗುಂಪು ಗುಂಪಾಗಿ ಓಡಾಡಿಕೊಂಡು ಇದ್ದವು. ಕೊನೆಗೆ ಸೇರೋದು ತಟ್ಟೆಗೇ ಆದರೂ ಬದುಕಿದ್ದಷ್ಟು ದಿನ ಪಂಜರ ಇರಲಿಲ್ಲ.

ಸ್ಪೇನಿನವರು 1530ರ ದಶಕದಲ್ಲಿ ಇಂಕಾಗಳನ್ನ ಗೆದ್ದರು. ಅವರ ಹಡಗುಗಳ ಕಾಲದಲ್ಲೇ ಈ ಪ್ರಾಣಿ ಯುರೋಪ್ ಸೇರಿತು. ಸುಮಾರು 1580ರ ಒಂದು ಇಂಗ್ಲಿಷ್ ಚಿತ್ರ ಇದೆ. ಮೂರು ಮಕ್ಕಳು, ಅದರಲ್ಲಿ ಒಬ್ಬಳು ಹುಡುಗಿಯ ಕೈಯಲ್ಲಿ ಒಂದು ಗಿನಿ ಪಿಗ್. ನಮ್ಮ ಲೆಕ್ಕದಲ್ಲಿ ಹೇಳೋದಾದರೆ, ರಕ್ಕಸತಂಗಡಿ ಯುದ್ಧ 1565, ಹಂಪಿ ಪಾಳುಬಿದ್ದು ಹದಿನೈದು ವರ್ಷ ಆಗಿರಬೇಕು. ಅಷ್ಟರಲ್ಲಿ ಆಂಡೀಸ್‌ನ ಊಟ ಇಂಗ್ಲೆಂಡಿನ ಶ್ರೀಮಂತರ ಮನೆಯಲ್ಲಿ ಮುದ್ದಿನ ಪ್ರಾಣಿ ಆಗಿತ್ತು.

ಮುದ್ದಿನಿಂದ ಅದು ಹೋಗಿದ್ದು ಲ್ಯಾಬಿಗೆ. ಸಾಧು ಸ್ವಭಾವ, ಕಚ್ಚೋದು ಕಡಿಮೆ, ಸಾಕೋದು ಸುಲಭ. 1882ರಲ್ಲಿ ಬರ್ಲಿನ್ನಿನಲ್ಲಿ ರಾಬರ್ಟ್ ಕಾಕ್ ಕ್ಷಯರೋಗದ ಬ್ಯಾಕ್ಟೀರಿಯಾ ಪತ್ತೆ ಮಾಡಿ ತೋರಿಸಿದಾಗ ಸಾಕ್ಷಿ ನಿಂತಿದ್ದು ಗಿನಿ ಪಿಗ್‌ಗಳು. 1907ರಲ್ಲಿ ನಾರ್ವೆಯ ಇಬ್ಬರು ವಿಜ್ಞಾನಿಗಳು ಬರೀ ಕಾಳು-ಬ್ರೆಡ್ ತಿನ್ನಿಸಿ ಅವುಗಳಿಗೆ ಸ್ಕರ್ವಿ ಬರಿಸಿದರು. ನಮ್ಮ ಹಾಗೇ ಅವಕ್ಕೂ ಮೈಯಲ್ಲಿ ವಿಟಮಿನ್ ಸಿ ತಯಾರಾಗಲ್ಲ. ಆ ವಿಟಮಿನ್ ಪತ್ತೆಯಾಗೋಕೆ ದಾರಿ ಮಾಡಿಕೊಟ್ಟಿದ್ದು ಇದೇ ಪ್ರಯೋಗ. ಇವತ್ತು ನಾವು ಮಾತಲ್ಲಿ 'ನನ್ನನ್ನೇನು ಗಿನಿ ಪಿಗ್ ಮಾಡ್ತಿದ್ದೀಯಾ' ಅಂತೀವಲ್ಲ, ಅದು ಬಂದಿದ್ದು ಹೀಗೆ.

ಪಂಜರದ ಅಳತೆ ಕೆಟ್ಟಿದ್ದೂ ಇಲ್ಲೇ. ಲ್ಯಾಬಿನಲ್ಲಿ ಪಂಜರ ಕಪಾಟಿನಲ್ಲಿ ಸಾಲಾಗಿ ಕೂರಬೇಕು, ಬೇಗ ತೊಳೆಯೋಕೆ ಬರಬೇಕು. ಅಂದ್ರೆ ಅಳತೆ ಕೊಟ್ಟಿದ್ದು ಕಪಾಟು, ಪ್ರಾಣಿ ಅಲ್ಲ. ಅಮೆರಿಕದ ಪ್ರಯೋಗಾಲಯ ನಿಯಮದಲ್ಲಿ ದೊಡ್ಡ ಗಿನಿ ಪಿಗ್ ಒಂದಕ್ಕೆ ಕನಿಷ್ಠ ಜಾಗ 101 ಚದರ ಇಂಚು. ಝೆರಾಕ್ಸ್ ಅಂಗಡಿಯ ಒಂದು ಎ4 ಹಾಳೆ ನೆಲದ ಮೇಲೆ ಇಟ್ಟು ನೋಡ್ರಿ. ಹೆಚ್ಚುಕಡಿಮೆ ಅಷ್ಟೇ. ಒಂದು ಹಾಳೆಯ ಮೇಲೆ ಒಂದು ಜೀವಮಾನ.

ಇನ್ನು ನಮ್ಮ ದೇಶಕ್ಕೆ ವಾಪಸ್ ಬರೋಣ. ಭರತನಾಟ್ಯದ ರುಕ್ಮಿಣಿ ದೇವಿ ಅರುಂಡೇಲ್ ಹೆಸರು ಕೇಳಿರ್ತೀರಿ. ರಾಜ್ಯಸಭೆಗೆ ನಾಮಕರಣಗೊಂಡಿದ್ದ ಅವರು 1950ರ ದಶಕದಲ್ಲಿ ಪ್ರಾಣಿಹಿಂಸೆ ತಡೆಗೆ ಖಾಸಗಿ ಮಸೂದೆ ತಂದರು. ಅದರ ಬೆನ್ನಿಗೇ ಸರ್ಕಾರ ಹೆಜ್ಜೆ ಇಟ್ಟು, 1960ರಲ್ಲಿ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ ಬಂತು. ಅದರ 11ನೇ ಸೆಕ್ಷನ್‌ನಲ್ಲಿ ನಮಗೆ ಬೇಕಾದ ವಿಷಯ ಇದೆ. ಉದ್ದ, ಅಗಲ, ಎತ್ತರದಲ್ಲಿ ಪ್ರಾಣಿಗೆ ಸರಿಯಾಗಿ ಓಡಾಡೋಕೆ ಆಗದಂಥ ಪಂಜರದಲ್ಲಿ ಅದನ್ನ ಇಡೋದೇ ಕ್ರೌರ್ಯ. ಹೊಡೀಬೇಕು ಅಂತಿಲ್ಲ, ಉಪವಾಸ ಕೆಡವಬೇಕು ಅಂತಿಲ್ಲ. ಜಾಗ ಕೊಡದೇ ಇದ್ದರೂ ತಪ್ಪೇ. ಮೊದಲ ತಪ್ಪಿಗೆ ಕಾಯ್ದೆಯಲ್ಲಿರೋ ದಂಡ 10ರಿಂದ 50 ರೂಪಾಯಿ. ನಗು ಬರುತ್ತೆ, ನಿಜ. ಆದರೆ ದಂಡ ಸಣ್ಣದು ಅಂತ ಮಾತು ಸಣ್ಣದಾಗಲ್ಲ. 2018ರ ಪೆಟ್ ಶಾಪ್ ನಿಯಮಗಳಲ್ಲಿ ಗಿನಿ ಪಿಗ್ ಹೆಸರು ಹಿಡಿದೇ ಬಂದಿದೆ.

ಈ ಬದಲಾವಣೆಯನ್ನ ಕಣ್ಣಾರೆ ನೋಡ್ಬೇಕು ಅಂದ್ರೆ ಕಮಲಾಪುರಕ್ಕೆ ಹೋಗ್ರಿ. ಬಳ್ಳಾರಿ ಊರೊಳಗಿದ್ದ ಹಳೆ ಕಿರು ಮೃಗಾಲಯದ ಪ್ರಾಣಿಗಳನ್ನ ತಂದಿಟ್ಟಿದ್ದು ಇಲ್ಲಿಯ ಅಟಲ್ ಬಿಹಾರಿ ವಾಜಪೇಯಿ ಝೂಲಾಜಿಕಲ್ ಪಾರ್ಕಿಗೆ. ಇಲ್ಲಿಯ ಸಫಾರಿಯಲ್ಲಿ ಗಾಡಿಯ ಒಳಗೆ ಕೂರೋರು ನಾವು, ಹೊರಗೆ ತಿರುಗಾಡೋದು ಹುಲಿ-ಸಿಂಹ. ಪಕ್ಕದ ದರೋಜಿಯಲ್ಲಿ 1994ರಿಂದ ಕರಡಿಗಳಿಗೇ ಅಂತ ಒಂದು ಅಭಯಾರಣ್ಯ. ಅಲ್ಲಿ ಕರಡಿ ಬಂಡೆ ಮೇಲೆ, ನಾವು ದೂರದ ವೀಕ್ಷಣಾ ಗೋಪುರದ ಮೇಲೆ. ಅಂದ್ರೆ ಆನೆ ಲಾಯದಿಂದ ಕೆಲವೇ ಕಿಲೋಮೀಟರ್ ಒಳಗೆ, ಪ್ರಾಣಿಗೆ ಜಾಗ ಅಳೆಯೋ ರೀತಿ ತಲೆಕೆಳಗಾಗಿದೆ. ದೊಡ್ಡ ಪ್ರಾಣಿಗೆ ನಾವು ಇಷ್ಟು ಕಲಿತಿದ್ದೀವಿ. ಸಣ್ಣದಕ್ಕೆ ಇನ್ನೂ ಗಿಳಿ ಪಂಜರ.

ಹಾಗಾದ್ರೆ ಗಿನಿ ಪಿಗ್ ಮೈ ಏನು ಕೇಳುತ್ತೆ? ಗಿಡ್ಡ ಕಾಲು, ಭಾರದ ಮೈ. ಅದು ಹತ್ತಲ್ಲ, ನೆಗೆಯೋದೂ ಅಷ್ಟಕ್ಕಷ್ಟೇ, ನೆಲದ ಮೇಲೆ ಓಡುತ್ತೆ. ಖುಷಿಯಾದರೆ ನಿಂತಲ್ಲೇ ಪಾಪ್‌ಕಾರ್ನ್ ಸಿಡಿದ ಹಾಗೆ ಎಗರುತ್ತೆ. ಆದ್ದರಿಂದ ಎತ್ತರದ ಪಂಜರ ದಂಡ. ಲೆಕ್ಕಕ್ಕೆ ಬರೋದು ನೆಲ ಮಾತ್ರ. ಎರಡನೇ ಮಹಡಿ ಕಟ್ಟಿದರೆ ಬಿದ್ದು ಕಾಲು ಮುರಿದುಕೊಳ್ಳೋ ಭಯ. ತಂತಿ ಜಾಲರಿಯ ನೆಲ ಅಂತೂ ಬೇಡವೇ ಬೇಡ, ಪಾದ ಹುಣ್ಣಾಗುತ್ತೆ. ಇನ್ನೊಂದು, ಅದು ಗುಂಪಿನ ಪ್ರಾಣಿ. ಸ್ವಿಟ್ಜರ್ಲೆಂಡಿನಲ್ಲಿ 2008ರಿಂದ ಕಾನೂನೇ ಇದೆ, ಗಿನಿ ಪಿಗ್ ಒಂಟಿಯಾಗಿ ಸಾಕೋ ಹಾಗಿಲ್ಲ.

ಸಾಕುವವರು ಸಾಮಾನ್ಯವಾಗಿ ಒಪ್ಪಿಕೊಂಡಿರೋ ಕನಿಷ್ಠ ಅಳತೆ, ಎರಡು ಗಿನಿ ಪಿಗ್‌ಗೆ ಏಳೂವರೆ ಚದರ ಅಡಿ. ಎರಡೂವರೆ ಅಡಿ ಅಗಲ, ಮೂರು ಅಡಿ ಉದ್ದ. ಲ್ಯಾಬಿನ ಆ ಹಾಳೆಗಿಂತ ಹತ್ತು ಪಟ್ಟಿಗೂ ಹೆಚ್ಚು. ಹತ್ತೂವರೆ ಚದರ ಅಡಿ ಇದ್ದರೆ ಇನ್ನೂ ಚಲೋ, ಎರಡೂ ಗಂಡಾದರೆ ಅಷ್ಟು ಬೇಕೇ ಬೇಕು, ಇಲ್ಲಾಂದ್ರೆ ಜಗಳ. ಗಂಡು-ಹೆಣ್ಣು ಜೋಡಿ ತಂದರೆ ಎರಡು ತಿಂಗಳು ಕಳೆದ ಸ್ವಲ್ಪ ದಿನಕ್ಕೇ ಮನೆ ತುಂಬಾ ಮರಿ ಆಗಬಹುದು. ಆಗ ಯಾವ ಅಳತೆಯೂ ಸಾಲಲ್ಲ.

ಇಂಥ ಪಂಜರ ಅಂಗಡಿಯಲ್ಲಿ ಸಿಗೋದು ಕಷ್ಟ, ಸಿಕ್ಕರೂ ದುಬಾರಿ. ಅದಕ್ಕೇ ಹೊರದೇಶದ ಸಾಕುವವರು ಕಂಡುಕೊಂಡ ದಾರಿ, ಮನೇಲೇ ಕಟ್ಟೋದು. ಸುತ್ತ ತಂತಿ ಜಾಲರಿಯ ಚೌಕಗಳು, ಒಳಗೆ ತಟ್ಟೆಯ ಹಾಗೆ ಮಡಚಿದ ಪ್ಲಾಸ್ಟಿಕ್ ಶೀಟು. ಆ ಶೀಟು ನಮಗೆ ಹೊಸದೇನಲ್ಲ. ಎಲೆಕ್ಷನ್ ಬಂದಾಗ ಕಂಬ ಕಂಬಕ್ಕೂ ಕಟ್ತಾರಲ್ಲ, ಸನ್‌ಪ್ಯಾಕ್ ಬೋರ್ಡು, ಅದೇ. ಹೊಸಪೇಟೆಯಲ್ಲಿ ಬೋರ್ಡು ಮಾಡೋರ ಹತ್ತಿರ ಕೇಳಿದರೆ ಸಿಗುತ್ತೆ. ಸುತ್ತಲೂ ಆರಿಂಚು ಮೇಲಕ್ಕೆ ಮಡಚಿ, ಮೂಲೆಗೆ ಟೇಪ್ ಹಚ್ಚಿದರೆ ನೆಲ ಸಿದ್ಧ. ಹಾರ್ಡ್‌ವೇರ್ ಅಂಗಡಿಯ ವೆಲ್ಡ್ ಮೆಶ್ ಕತ್ತರಿಸಿ, ಕೇಬಲ್ ಟೈ ಬಿಗಿದರೆ ಗೋಡೆ ಸಿದ್ಧ. ಒಂದಿಂಚಿಗಿಂತ ದೊಡ್ಡ ಕಿಂಡಿ ಬೇಡ. ಕತ್ತರಿಸಿದ ತುದಿಗಳನ್ನ ಹೊರಗೆ ಬಗ್ಗಿಸ್ರಿ. ಮೇಲೆ ಮುಚ್ಚಳ ಇರಲೇಬೇಕು. ಬೆಕ್ಕು, ಹೆಗ್ಗಣ, ಹಂಪಿ ಕಡೆಯವರಾದರೆ ಕೋತಿ.

ನೆಲಕ್ಕೆ ನ್ಯೂಸ್ ಪೇಪರ್, ಅದರ ಮೇಲೆ ಹಳೆ ಕಾಟನ್ ಬೆಡ್‌ಶೀಟ್. ಗರಗಸದ ಪುಡಿ ಬೇಡ, ಧೂಳು ಉಸಿರಿಗೆ ಹೋಗುತ್ತೆ. ಸಂಡೂರಿನ ಅದಿರು ಲಾರಿ ಓಡೋ ರಸ್ತೆ ಪಕ್ಕದ ಮನೆಯಾದರೆ ಪಂಜರ ಒಳಕೋಣೆಯಲ್ಲಿ ಇರಲಿ. ಅಡಗಿ ಕೂರೋಕೆ ಒಂದೊಂದಕ್ಕೂ ಒಂದು ಮಣ್ಣಿನ ಮಡಕೆ, ಅಡ್ಡ ಮಲಗಿಸಿ. ತಿನ್ನೋಕೆ ಯಾವಾಗಲೂ ಹುಲ್ಲು ಇರಲೇಬೇಕು, ಅವುಗಳ ಹಲ್ಲು ಬೆಳೀತಾನೇ ಇರ್ತಾವೆ. ಕಂಪ್ಲಿ ಕಡೆ ನೆಲ್ಲುಹುಲ್ಲಿಗೆ ಬರವಿಲ್ಲ, ಆದರೆ ಅದು ಒರಟು, ಸತ್ವ ಕಡಿಮೆ. ಔಷಧಿ ಹೊಡೆಯದ ಜಾಗದ ಗರಿಕೆ ಒಳ್ಳೇದು. ಜೊತೆಗೆ ವಿಟಮಿನ್ ಸಿಗೆ ದಿನಾ ಒಂದು ತುಂಡು ದೊಣ್ಣೆಮೆಣಸಿನಕಾಯಿ, ಇಲ್ಲಾ ಪೇರಲೆ.

ಕೊನೇದು ನಮ್ಮೂರಿನ ಬಿಸಿಲು. 26-27 ಡಿಗ್ರಿ ದಾಟಿದರೆ ಗಿನಿ ಪಿಗ್‌ಗೆ ಸಂಕಟ ಶುರು. ಹೊಸಪೇಟೆಯ ಬೇಸಿಗೆ ನಲವತ್ತರ ಹತ್ತಿರ ಹೋಗುತ್ತೆ. ತಗಡಿನ ಕೆಳಗೆ, ಟೆರೇಸ್ ಮೇಲೆ ಇಟ್ಟರೆ ಒಂದು ಮಧ್ಯಾಹ್ನ ಸಾಕು, ಜೀವ ಹೋಗುತ್ತೆ. ದಪ್ಪ ಗೋಡೆಯ ಕೋಣೆ, ತಂಪು ನೆಲ, ಕಿಟಕಿಗೆ ಒದ್ದೆ ಗೋಣಿಚೀಲ. ಆನೆ ಲಾಯ ಕಟ್ಟಿದವರಿಂದ ಸರಪಳಿ ಕಲಿಯೋದು ಬೇಡ, ತಂಪು ಕಲಿಯೋಣ. ಅಷ್ಟು ತಂಪು ಕೊಡೋಕೆ ಮನೆಯಲ್ಲಿ ಆಗಲ್ಲ ಅಂದ್ರೆ, ಗಿನಿ ಪಿಗ್ ತರದೇ ಇರೋದೂ ಒಂದು ಪ್ರೀತಿನೇ.

ತರಲೇಬೇಕು ಅನ್ನಿಸಿದರೆ, ಅಂಗಡಿಗೆ ಹೋಗೋ ಮೊದಲು ಒಂದು ಸೀಮೆಸುಣ್ಣ ತಗೊಳ್ರಿ. ಹಾಲ್‌ನ ಮೂಲೆಯಲ್ಲಿ ಎರಡೂವರೆ ಅಡಿಗೆ ಮೂರು ಅಡಿ ಚೌಕ ಎಳೀರಿ. ಒಂದು ವಾರ ಅದನ್ನ ದಾಟಿಕೊಂಡೇ ಓಡಾಡ್ರಿ, ಅಮ್ಮ ಕಸ ಗುಡಿಸುವಾಗ ಏನಂತಾರೆ ಕೇಳ್ರಿ. ವಾರ ಆದಮೇಲೂ ಆ ಜಾಗ ಬಿಟ್ಟುಕೊಡೋಕೆ ಮನೆಯವರೆಲ್ಲಾ ಒಪ್ಪಿದರೆ, ಆಗ ಸನ್‌ಪ್ಯಾಕ್ ಶೀಟು ತಗೊಂಡು ಬರ್ರಿ. ಪ್ರಾಣಿ ಆಮೇಲೆ.