ಯುದ್ಧಕಾಲದ ಫ್ರಾನ್ಸಿನಲ್ಲಿ ವಿಯೆಟ್ನಾಮಿನ ಸೈನಿಕರು ಮತ್ತು ಕಾರ್ಮಿಕರು

ಎರಡು ಮಹಾಯುದ್ಧಗಳ ಕಾಲದಲ್ಲಿ ಫ್ರಾನ್ಸ್ ತನ್ನ ಇಂಡೋಚೀನಾ ವಸಾಹತಿನಿಂದ ಯೂರೋಪಿಗೆ ಸಾಗಿಸಿದ ವಿಯೆಟ್ನಾಮೀಯರಲ್ಲಿ ಬಂದೂಕು ಹಿಡಿದ ಸಿಪಾಯಿಗಳೂ ಕಾರ್ಖಾನೆ, ಗದ್ದೆಗಳಲ್ಲಿ ದುಡಿದ ಕೂಲಿಗಳೂ ಇದ್ದರು. ಕಾರ್ಮಿಕರನ್ನು ವಿಯೆಟ್ನಾಮೀ ಭಾಷೆಯಲ್ಲಿ ‘ಲಿನ್ ಥೋ’, ಅಂದರೆ ಕೆಲಸಗಾರ ಸಿಪಾಯಿ, ಎನ್ನುತ್ತಿದ್ದರು. ಮೊದಲನೆಯ ಯುದ್ಧದಲ್ಲಿ ಹೋದವರು 90,000ಕ್ಕೂ ಹೆಚ್ಚು. ಎರಡನೆಯದರಲ್ಲಿ ಕಾರ್ಮಿಕರೇ ಸುಮಾರು 20,000.

ಮೊದಲನೆಯ ಮಹಾಯುದ್ಧ

ಹೆಚ್ಚಿನವರು ಟೊಂಕಿನ್ ಮತ್ತು ಅನ್ನಾಂ ಪ್ರಾಂತಗಳ ಬಡ ರೈತರ ಮಕ್ಕಳು. ಕಾಗದದಲ್ಲಿ ಎಲ್ಲರೂ ಸ್ವಯಂಪ್ರೇರಿತರು. ವಾಸ್ತವದಲ್ಲಿ ಕೆಲವರನ್ನು ಹಸಿವು, ಸೇರ್ಪಡೆಯ ಇನಾಮು ಸೆಳೆದರೆ ಇನ್ನು ಕೆಲವರ ಹೆಸರನ್ನು ಊರ ಮುಖಂಡರೇ ಬರೆಸಿದರು. 1916ರ ಮೇ ತಿಂಗಳಲ್ಲಿ ಹುಯೆ ನಗರದಲ್ಲಿದ್ದ ಅನ್ನಾಂನ ಹದಿಹರೆಯದ ದೊರೆ ಝುಯ್ ತಾನ್, ಯೂರೋಪಿನ ಹಡಗಿಗಾಗಿ ಕಾಯುತ್ತಿದ್ದ ಸಿಪಾಯಿಗಳನ್ನೇ ನಂಬಿ ದಂಗೆಗೆ ಸಿದ್ಧನಾದ. ಸಂಚು ಬಯಲಾಗಿ ರೆಯೂನಿಯನ್ ದ್ವೀಪಕ್ಕೆ ಗಡಿಪಾರಾದ.

ವಿಯೆಟ್ನಾಮೀ ಪಡೆಗಳು ಶೆಮಾಂ ದೆ ದಾಮ್, ವೋಜ್ ಬೆಟ್ಟಸಾಲು ಹಾಗೂ ಮ್ಯಾಸಿಡೋನಿಯಾ ರಣರಂಗಗಳಲ್ಲಿ ಹೋರಾಡಿದವು. ಅನೇಕರು ಲಾರಿ ಚಾಲಕರಾಗಿ ಮದ್ದುಗುಂಡು ಸಾಗಿಸಿದರು, ಆಸ್ಪತ್ರೆಗಳಲ್ಲಿ ಗಾಯಾಳುಗಳ ಆರೈಕೆ ಮಾಡಿದರು. ಕಾರ್ಮಿಕರು ತೂಲೂಸ್, ಬೆರ್ಜರಾಕ್ ಮುಂತಾದ ಕಡೆ ಸಿಡಿಮದ್ದಿನ ಕಾರ್ಖಾನೆಗಳಲ್ಲಿ ಫ್ರೆಂಚ್ ಹೆಂಗಸರ ಪಕ್ಕದಲ್ಲಿ ನಿಂತು ದುಡಿದರು. ಊರಿಗೆ ಬರೆದ ಕಾಗದಗಳನ್ನು ಸೆನ್ಸಾರ್ ಅಧಿಕಾರಿಗಳು ಒಡೆದು ಓದುತ್ತಿದ್ದರು. ತಮ್ಮ ಪ್ರಜೆಗಳು ಬಿಳಿಯರ ನಡುವೆ ಸರಿಸಮಾನರಾಗಿ ಓಡಾಡುವುದೇ ಆಳುವವರಿಗೆ ಅಳುಕಾಗಿತ್ತು.

ಯುದ್ಧ ಮುಗಿದ ಮೇಲೆ ಬಹುಪಾಲು ಜನ ತಾಯ್ನಾಡಿಗೆ ಮರಳಿದರು. ಅವರಲ್ಲಿ ತೂಲೋನ್ ನೌಕಾ ಕಾರ್ಖಾನೆಯಲ್ಲಿ ದುಡಿದಿದ್ದ ಟೋನ್ ಡುಕ್ ಥಾಂಗ್ ಒಬ್ಬ. ಮುಂದೆ ಸೈಗಾನಿನ ಕಾರ್ಮಿಕ ಚಳವಳಿಗೆ ಇಳಿದ ಆತ, 1969ರಲ್ಲಿ ಹೋ ಚಿ ಮಿನ್ ತೀರಿಕೊಂಡಾಗ ಉತ್ತರ ವಿಯೆಟ್ನಾಮಿನ ಅಧ್ಯಕ್ಷನಾದ.

ಎರಡನೆಯ ಮಹಾಯುದ್ಧ

1939ರಲ್ಲಿ ವಸಾಹತು ಸಚಿವ ಜಾರ್ಜ್ ಮಾಂಡೆಲ್‌ನ ಯೋಜನೆಯಂತೆ ಕಾರ್ಮಿಕರ ಸಂಗ್ರಹ ನಡೆಯಿತು. ಈ ಸಲ ಬಲವಂತ ಬಹಿರಂಗವಾಗಿಯೇ ಇತ್ತು: ಹಲವು ಗಂಡುಮಕ್ಕಳಿದ್ದ ಮನೆ ಒಬ್ಬನನ್ನು ಕೊಡಬೇಕು. ಮಾರ್ಸೇ ಬಂದರಿನಲ್ಲಿ ಇಳಿದವರಿಗೆ ಸಿಕ್ಕ ಮೊದಲ ಸೂರು ಹೊಸದಾಗಿ ಕಟ್ಟಿದ್ದ ಬೋಮೆಟ್ ಸೆರೆಮನೆ. ಅಪರಾಧ ಮಾಡದವರು ಕೈದಿಗಳ ಕೋಣೆಯಲ್ಲಿ ಮಲಗಿದರು.

1940ರ ಜೂನ್‌ನಲ್ಲಿ ಫ್ರಾನ್ಸ್ ಸೋತಿತು. ಕೆಲವು ಸಾವಿರ ಜನರನ್ನು ಹಿಂದಕ್ಕೆ ಕಳಿಸುವಷ್ಟರಲ್ಲಿ ಸಮುದ್ರದ ದಾರಿ ಮುಚ್ಚಿತು. ಸುಮಾರು 14,000 ಜನ ಅಲ್ಲೇ ಉಳಿದರು. ಸರ್ಕಾರ ಅವರನ್ನು ಕಾಡು ಕಡಿಯಲು, ಉಪ್ಪಿನ ಆಗರಗಳಲ್ಲಿ ದುಡಿಯಲು ಬಾಡಿಗೆಗೆ ಕೊಟ್ಟಿತು. ಕೈಗೆ ಸಿಗುತ್ತಿದ್ದುದು ಫ್ರೆಂಚ್ ಕೂಲಿಯ ಸುಮಾರು ಹತ್ತನೇ ಒಂದು ಪಾಲು. ಚಳಿ, ಅರೆಹೊಟ್ಟೆ, ಕ್ಷಯರೋಗಗಳಿಗೆ ಅನೇಕರು ಬಲಿಯಾದರು.

ರೋನ್ ನದೀಮುಖದ ಕಾಮಾರ್ಗ್ ಪ್ರದೇಶದ ಭತ್ತದ ಬೇಸಾಯ ಅವರ ದುಡಿಮೆಯ ದೊಡ್ಡ ಗುರುತು. ಅಲ್ಲಿ ಹಿಂದೆ ಭತ್ತ ಬಿತ್ತುತ್ತಿದ್ದುದು ಮುಖ್ಯವಾಗಿ ಚೌಳು ನೆಲದ ಉಪ್ಪು ತೊಳೆಯಲು. ಯುದ್ಧದಿಂದ ಅಕ್ಕಿಯ ಆಮದು ನಿಂತಾಗ ಈ ರೈತಮಕ್ಕಳನ್ನು ಗದ್ದೆಗೆ ಇಳಿಸಿದರು. ಅವರು ಬದು ಕಟ್ಟಿ, ನೀರು ನಿಲ್ಲಿಸಿ, ಸಸಿಮಡಿಯಿಂದ ಕಿತ್ತ ಪೈರನ್ನು ಬೆನ್ನು ಬಗ್ಗಿಸಿ ಸಾಲಾಗಿ ನಾಟಿ ಮಾಡಿದರು. ತವರಿನಲ್ಲಿ ಕಲಿತ ಕಸುಬು ಅನ್ಯನಾಡಿನ ಅನ್ನವಾಯಿತು. ಇಂದಿಗೂ ಕಾಮಾರ್ಗ್ ಅಕ್ಕಿಗೆ ಹೆಸರಿದೆ.

ಮರಳುವಿಕೆ

1944ರ ಕೊನೆಯಲ್ಲಿ ಫ್ರಾನ್ಸಿನಲ್ಲಿದ್ದ ಇಂಡೋಚೀನಾ ಜನರ ಪ್ರತಿನಿಧಿಗಳು ಅವಿನ್ಯೋನ್‌ನಲ್ಲಿ ಸಭೆ ಸೇರಿ ಸಂಘಟಿತರಾದರು. ಶಿಬಿರಗಳಲ್ಲಿ ಅಕ್ಷರ ಕಲಿಕೆ ಆರಂಭವಾಗಿ, ಓದುಬರಹ ಬಾರದೆ ಬಂದಿದ್ದ ಎಷ್ಟೋ ಮಂದಿ ಅಲ್ಲಿ ತಮ್ಮ ಹೆಸರು ಬರೆಯಲು ಕಲಿತರು. ವಾಪಸಾತಿ 1946ರಿಂದ 1952ರವರೆಗೆ ಎಳೆದುಕೊಂಡು ಹೋಯಿತು. ಅಷ್ಟರಲ್ಲಿ ತಾಯ್ನಾಡೇ ಯುದ್ಧಭೂಮಿಯಾಗಿತ್ತು. ಫ್ರೆಂಚರ ಕಣ್ಣಿಗೆ ಅವರು ತಮ್ಮ ವಿರುದ್ಧ ಹೋರಾಡುತ್ತಿದ್ದ ವಿಯೆತ್ ಮಿನ್ ಸಂಘಟನೆಯ ಬೆಂಬಲಿಗರು, ಸ್ವಂತ ಊರಿನಲ್ಲಿ ಫ್ರೆಂಚರ ಸೇವೆ ಮಾಡಿ ಬಂದವರು. ಕೆಲವರು ಮದುವೆಯಾಗಿ ಫ್ರಾನ್ಸಿನಲ್ಲೇ ನೆಲೆ ನಿಂತರು.

ಸ್ಮರಣೆ

ಮೊದಲ ಯುದ್ಧದಲ್ಲಿ ಮಡಿದವರಿಗಾಗಿ 1920ರಲ್ಲಿ ಪ್ಯಾರಿಸ್ ಬಳಿಯ ನೊಜಾಂ-ಸುರ್-ಮಾರ್ನ್‌ನಲ್ಲಿ ಸ್ಮಾರಕ ಮಂದಿರವೊಂದು ಉದ್ಘಾಟನೆಯಾಯಿತು. ಅದು 1984ರಲ್ಲಿ ಬೆಂಕಿಗೆ ಆಹುತಿಯಾಯಿತು. ಫ್ರೆಜ್ಯೂಸ್‌ನಲ್ಲಿ ಸಿಪಾಯಿಗಳೇ 1917ರಲ್ಲಿ ಕಟ್ಟಿದ ಬೌದ್ಧ ಪಗೋಡ ಇಂದಿಗೂ ಇದೆ. ಎರಡನೇ ಯುದ್ಧದ ಕಾರ್ಮಿಕರನ್ನು ಮಾತ್ರ ಜಗತ್ತು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಮರೆತಿತ್ತು. ಪತ್ರಕರ್ತ ಪಿಯೆರ್ ಡೋಮ್ ಅವರ 2009ರ ಪುಸ್ತಕ ಈ ಮೌನ ಮುರಿಯಿತು. ಅದೇ ವರ್ಷ ಕಾಮಾರ್ಗ್ ಪ್ರದೇಶದ ಆರ್ಲ್ ನಗರಸಭೆ ಬದುಕುಳಿದಿದ್ದ ವೃದ್ಧರನ್ನು ಸನ್ಮಾನಿಸಿತು. 2014ರಲ್ಲಿ, ಅವರು ನಾಟಿ ಮಾಡಿದ ಕಾಮಾರ್ಗ್‌ನಲ್ಲೇ, ಸಾಲಿನ್ ದ ಜಿರೋ ಊರಿನಲ್ಲಿ ಸ್ಮಾರಕ ಎದ್ದಿತು. ಅದನ್ನು ನೋಡಬೇಕಾಗಿದ್ದವರಲ್ಲಿ ಬಹುಪಾಲು ಜನ ಆಗಲೇ ತೀರಿಕೊಂಡಿದ್ದರು.